ಮರುಭೂಮಿಯ ಅಂಗಳದಲ್ಲಿ ಏನು ನೆಡಬೇಕು?

ಗಿಡ ನೆಡುವುದು ಪುಣ್ಯಕಾರ್ಯವೆಂಬ ಬಗ್ಗೆ ನಮ್ಮಲ್ಲಿ ಯಾರಿಗೂ ಸಂದೇಹವಿಲ್ಲ. ಒಬ್ಬ ಮುಸ್ಲಿಮನು ನೆಟ್ಟ ಗಿಡದಿಂದ ಮನುಷ್ಯನೋ ಹಕ್ಕಿಯೋ ಪ್ರಾಣಿಯೋ ತಿಂದರೆ ಅದು ಅವನ ಪಾಲಿಗೆ ದಾನವಾಗುತ್ತದೆಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ಮದ್ರಸದ ಮಕ್ಕಳೂ ಬಲ್ಲರು. ಆದರೆ ಯಾವ ಗಿಡ, ಎಲ್ಲಿ, ಯಾರ ನೀರಿನಿಂದ ಎಂಬ ಪ್ರಶ್ನೆಗಳನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮಂಗಳೂರು, ಭಟ್ಕಳದ ಕಡೆಯವರಿಗೆ ಅದನ್ನು ಕೇಳುವ ಅಗತ್ಯವೂ ಬೀಳುವುದಿಲ್ಲ. ಅಲ್ಲಿ ಬೇಲಿಗೆ ಊರಿದ ಗೂಟವೂ ಚಿಗುರುತ್ತದೆ.

ಇದೇ ಊರುಗಳಿಂದ ದುಡಿಮೆಗೆಂದು ಹೊರಟವರು ಅರಬ್ ಕೊಲ್ಲಿಯ ನಾಡುಗಳಲ್ಲಿ ಸಂಸಾರ ಹೂಡಿ ಎರಡು ತಲೆಮಾರುಗಳಾದುವು. ಹೆಚ್ಚಿನವರು ಫ್ಲಾಟುಗಳಲ್ಲಿದ್ದಾರೆ. ಅಲ್ಲಾಹನು ಅನುಕೂಲ ಕರುಣಿಸಿದ ಕೆಲವರು ಅಂಗಳವಿರುವ ಮನೆ ಬಾಡಿಗೆಗೆ ಹಿಡಿಯುತ್ತಾರೆ. ಗೇಟು ತೆರೆದರೆ ಬರಿಯ ಮರಳು. ಕಣ್ಣಿಗೆ ಹಸಿರು ಬೇಕೆನಿಸುತ್ತದೆ, ಮಕ್ಕಳಿಗೆ ಆಡಲು ಹುಲ್ಲು ಬೇಕೆನಿಸುತ್ತದೆ, ಮನೆಯೊಡತಿಗೆ ಊರಿನ ದಾಸವಾಳ, ಮಲ್ಲಿಗೆ, ಕರಿಬೇವು ನೆನಪಾಗುತ್ತವೆ. ಈ ಆಸೆಯನ್ನು ಹಗುರವಾಗಿ ಕಾಣುವಂತಿಲ್ಲ. ಪರದೇಶದಲ್ಲಿರುವವನಿಗೆ ತವರಿನ ಒಂದು ಎಲೆಯ ಪರಿಮಳ ಎಷ್ಟು ದೊಡ್ಡದೆಂಬುದು ಅಲ್ಲಿದ್ದವರಿಗೇ ಗೊತ್ತು. ಆದರೂ ಆ ಅಂಗಳದಲ್ಲಿ ಏನು ನೆಡಬೇಕೆಂಬುದು ಕೇವಲ ರುಚಿಯ ವಿಷಯವೇ, ಅಥವಾ ಹಕ್ಕು ಬಾಧ್ಯತೆಯ ವಿಷಯವೂ ಹೌದೇ ಎಂಬುದು ಪರಿಶೀಲನೆಗೆ ಅರ್ಹವಾದ ಪ್ರಶ್ನೆ.

ಮೊದಲು ಆ ನಾಡಿನ ನೀರಿನ ಸ್ಥಿತಿಯನ್ನು ನೋಡೋಣ. ಅರೇಬಿಯ ಪರ್ಯಾಯದ್ವೀಪದಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲವೆಂದೇ ಹೇಳಬಹುದು. ದುಬೈಯಂತಹ ಕಡೆ ವರ್ಷದ ಸರಾಸರಿ ಮಳೆ 100 ಮಿಲಿಮೀಟರ್ ಮುಟ್ಟುವುದೂ ಕಷ್ಟ. 2024ರ ಏಪ್ರಿಲ್‌ನಲ್ಲಿ ಅಲ್ ಐನ್ ಪ್ರದೇಶದ ಒಂದೆಡೆ 24 ಗಂಟೆಯೊಳಗೆ 254.8 ಮಿಲಿಮೀಟರ್ ಸುರಿಯಿತು. 1949ರಲ್ಲಿ ದಾಖಲೆ ಇಡಲು ಆರಂಭಿಸಿದ ಮೇಲೆ ಅಷ್ಟು ಮಳೆ ಅಲ್ಲಿ ಬಿದ್ದಿರಲಿಲ್ಲ. ಆ ನೀರು ರಸ್ತೆ ಮನೆಗಳನ್ನು ಮುಳುಗಿಸಿತೇ ಹೊರತು ತೋಟಗಳಿಗೆ ಒದಗಿದ್ದು ಅಲ್ಪ. ಹಾಗಾದರೆ ನಲ್ಲಿ ತಿರುವಿದಾಗ ಬರುವ ನೀರು ಎಲ್ಲಿಯದು? ಬಹುಪಾಲು ಸಮುದ್ರದ್ದು. ಅನಿಲ ಉರಿಸಿ, ವಿದ್ಯುತ್ ಸುರಿದು, ಉಪ್ಪು ಬೇರ್ಪಡಿಸಿ ಸಿಹಿ ಮಾಡಿದ ನೀರು. ಉಳಿದ ಗಟ್ಟಿ ಉಪ್ಪುನೀರು ಮರಳಿ ಅದೇ ಸಮುದ್ರಕ್ಕೆ ಹೋಗಿ ಸೇರುತ್ತದೆ.

ಕಡು ಬೇಸಗೆಯಲ್ಲಿ ಹುಲ್ಲುಹಾಸಿನ ಒಂದು ಚದರ ಮೀಟರ್ ಜಾಗ ದಿನಕ್ಕೆ ಸುಮಾರು 10 ಲೀಟರ್ ನೀರನ್ನು ಆವಿಯಾಗಿ ಕಳೆದುಕೊಳ್ಳುತ್ತದೆ. ನೂರು ಚದರ ಮೀಟರಿನ ಸಣ್ಣ ಹುಲ್ಲುಹಾಸೆಂದರೆ ದಿನಕ್ಕೆ ಸಾವಿರ ಲೀಟರ್. ಪ್ರವಾದಿವರ್ಯರು(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸ್ ಗ್ರಂಥಗಳಲ್ಲಿದೆ. ಒಂದು ಮುದ್ದ್ ಅಂದರೆ ನಮ್ಮ ಲೆಕ್ಕದಲ್ಲಿ ಮುಕ್ಕಾಲು ಲೀಟರಿನಷ್ಟು. ಒಂದು ಅಂಗಳದ ಹುಲ್ಲಿನ ಒಂದು ದಿನದ ನೀರು ಸಾವಿರಕ್ಕೂ ಹೆಚ್ಚು ಮಂದಿಯ ವುಝೂಗೆ ಸಾಕಾಗುತ್ತಿತ್ತು. ವುಝೂ ಮಾಡುವಾಗ ನಲ್ಲಿಯನ್ನು ಅರ್ಧ ತಿರುಗಿಸು ಎಂದು ಮಗನಿಗೆ ಗದರುವ ತಂದೆಯೇ ಹೊರಗೆ ಬಂದು ರಬ್ಬರು ಪೈಪು ಹಿಡಿದು ಒಂದು ಗಂಟೆ ನಿಂತುಬಿಡುವುದು ವಿಚಿತ್ರವಲ್ಲವೇ?

ಇಲ್ಲಿ ಒಂದು ಆಕ್ಷೇಪ ಬರುತ್ತದೆ. "ನೀರಿನ ಬಿಲ್ಲು ನಾನು ಕಟ್ಟುತ್ತೇನೆ. ನನ್ನ ದುಡ್ಡು, ನನ್ನ ಅಂಗಳ. ಇದರಲ್ಲಿ ಇನ್ನೊಬ್ಬನ ಹಕ್ಕಿನ ಮಾತೆಲ್ಲಿ ಬಂತು?" ಇದು ತಳ್ಳಿಹಾಕುವಂತಹ ಮಾತಲ್ಲ. ದುಡಿದು ಸಂಪಾದಿಸಿದ್ದನ್ನು ಅನುಭವಿಸುವುದಕ್ಕೆ ಧರ್ಮದಲ್ಲಿ ಅಡ್ಡಿಯಿಲ್ಲ. ಆದರೆ ನೀರು, ಮೇವು, ಬೆಂಕಿ ಈ ಮೂರರಲ್ಲಿ ಎಲ್ಲ ಜನರೂ ಪಾಲುದಾರರೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಮರುಭೂಮಿಯ ಬದುಕನ್ನು ಬಲ್ಲವರಿಗೆ ಮಾತ್ರ ಈ ಮೂರನ್ನು ಹೀಗೆ ಒಟ್ಟಿಗೆ ಹೇಳಲು ಸಾಧ್ಯ. ಇಂದಿನ ಹುಲ್ಲುಹಾಸಿನಲ್ಲಿ ಈ ಮೂರೂ ಒಂದೇ ಕಡೆ ಕೂಡಿಕೊಂಡಿರುವುದನ್ನು ಗಮನಿಸಿರಿ. ಬೆಂಕಿ ಉರಿಸಿ ನೀರು ಮಾಡುತ್ತೇವೆ, ಆ ನೀರಿನಿಂದ ಹುಲ್ಲು ಬೆಳೆಸುತ್ತೇವೆ, ಆ ಹುಲ್ಲನ್ನು ಯಾವ ಆಡೂ ತಿನ್ನದಂತೆ ಬೇಲಿ ಹಾಕಿ, ವಾರಕ್ಕೊಮ್ಮೆ ಕತ್ತರಿಸಿ ಚೀಲ ತುಂಬಿ ಎಸೆಯುತ್ತೇವೆ. ಬಿಲ್ಲು ಕಟ್ಟಿದ್ದರಿಂದ ನಮಗೆ ಸರಬರಾಜುದಾರನ ಋಣ ತೀರಿತು. ಪಾಲುದಾರರ ಋಣ ತೀರಿತೇ?

ಇನ್ನೊಂದು ವಾದವನ್ನು ವಿದ್ಯಾವಂತರ ಬಾಯಲ್ಲಿ ಕೇಳಬಹುದು. ಸ್ವರ್ಗದ ವರ್ಣನೆಯೇ ಕೆಳಗೆ ಕಾಲುವೆಗಳು ಹರಿಯುವ ಉದ್ಯಾನವಲ್ಲವೇ, ಹಾಗಿರುವಾಗ ಹಸಿರನ್ನು ಬಯಸುವುದು ಹೇಗೆ ದುಂದುಗಾರಿಕೆಯಾಗುತ್ತದೆ ಎಂದು. ಸ್ವರ್ಗದಲ್ಲಿ ಒಬ್ಬನ ಕಾಲುವೆಯಿಂದ ಇನ್ನೊಬ್ಬನ ಕೊಡಕ್ಕೆ ಕೊರತೆಯಾಗುವುದಿಲ್ಲ; ಇಲ್ಲಿ ಆಗುತ್ತದೆ. ಅಷ್ಟೇ ವ್ಯತ್ಯಾಸ, ಆದರೆ ಎಲ್ಲವೂ ಆ ವ್ಯತ್ಯಾಸದಲ್ಲೇ ಇದೆ. ಗ್ರನಾಡದ ಅಲ್ ಹಮ್ರಾ ಅರಮನೆಯ ಕಾರಂಜಿಗಳನ್ನು ನೋಡಿ ಬೆರಗಾಗುವವರು ಅದಕ್ಕೆ ನೀರು ಎಲ್ಲಿಂದ ಬಂತೆಂದು ವಿಚಾರಿಸಿದರೆ ಇನ್ನಷ್ಟು ಬೆರಗಾಗುತ್ತಾರೆ. ದರ್ರೊ ನದಿಯಿಂದ ಮೇಲ್ಗಡೆಯಲ್ಲೇ ಕಾಲುವೆ ತೋಡಿ, ಇಳಿಜಾರಿನ ಬಲದಿಂದಲೇ ತಂದ ನೀರದು. ಆ ಕಟ್ಟಡಗಾರರು ಸ್ಥಳದ ನೀರಿನ ಲೆಕ್ಕ ಬಲ್ಲವರಾಗಿದ್ದರು. ನಾವು ಅವರ ಕಾರಂಜಿಯನ್ನು ನಕಲು ಮಾಡಿದೆವು, ಲೆಕ್ಕವನ್ನು ಬಿಟ್ಟುಬಿಟ್ಟೆವು.

ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಸೌದಿ ಅರೇಬಿಯದ ಗೋಧಿಯ ಕಥೆಗಿಂತ ಬೇರೆ ಉದಾಹರಣೆ ಬೇಡ. ಅದು ಅಲಂಕಾರದ ವಿಷಯವಾಗಿರಲಿಲ್ಲ, ಅನ್ನದ ವಿಷಯವಾಗಿತ್ತು. 1980ರ ದಶಕದಲ್ಲಿ ಆ ದೇಶ ತನ್ನ ರೊಟ್ಟಿಯನ್ನು ತಾನೇ ಬೆಳೆಯುವೆನೆಂದು ಹೊರಟಿತು. ಭೂಮಿಯಾಳದಲ್ಲಿ ಸಾವಿರಾರು ವರ್ಷಗಳ ಹಿಂದೆ ಇಂಗಿ ನಿಂತಿದ್ದ, ಮತ್ತೆ ತುಂಬದ ನೀರನ್ನು ಮೇಲೆತ್ತಿ ಮರಳಿನ ಮೇಲೆ ಚಿಮ್ಮಿಸಲಾಯಿತು. 1990ರ ದಶಕದ ಆರಂಭದಲ್ಲಿ ಅದು ಗೋಧಿ ರಫ್ತು ಮಾಡುವ ದೊಡ್ಡ ದೇಶಗಳ ಸಾಲಿಗೆ ಸೇರಿತು. ಜಗತ್ತು ಚಪ್ಪಾಳೆ ತಟ್ಟಿತು. 2008ರಲ್ಲಿ ಸರಕಾರವೇ ಹಂತ ಹಂತವಾಗಿ ಇದನ್ನು ನಿಲ್ಲಿಸುವ ತೀರ್ಮಾನಕ್ಕೆ ಬರಬೇಕಾಯಿತು. 2016ಕ್ಕೆ ರೈತರಿಂದ ಗೋಧಿ ಖರೀದಿ ನಿಂತಿತು. ಅನಂತರ ಮಿತಿ ಹಾಕಿ ಸ್ವಲ್ಪ ಮಟ್ಟಿಗೆ ಮತ್ತೆ ಅವಕಾಶ ನೀಡಲಾಯಿತಾದರೂ ಹಿಂದೆ ಮೇಲೆತ್ತಿದ ನೀರು ಹೋದದ್ದು ಹೋಯಿತು. ಮೊಮ್ಮಕ್ಕಳಿಗೆಂದು ಇದ್ದ ಠೇವಣಿಯನ್ನು ಒಂದು ತಲೆಮಾರು ಖರ್ಚು ಮಾಡಿತು. ಅನ್ನಕ್ಕಾಗಿ ಮಾಡಿದ ಖರ್ಚೇ ಹೀಗೆ ಪ್ರಶ್ನೆಗೊಳಗಾದರೆ ಅಲಂಕಾರಕ್ಕಾಗಿ ಮಾಡುವುದರ ಗತಿಯೇನು?

ಹಾಗಾದರೆ ಅಂಗಳವನ್ನು ಬರಿದಾಗಿ ಬಿಡಬೇಕೇ? ಖಂಡಿತ ಇಲ್ಲ. ಮರುಭೂಮಿ ನಾವೆಣಿಸುವಷ್ಟು ಬರಡಲ್ಲ. ಅಲ್ಲಾಹನು ಆ ನೆಲಕ್ಕೆ ಒಪ್ಪುವ ಗಿಡಮರಗಳನ್ನು ಆ ನೆಲದಲ್ಲೇ ಇಟ್ಟಿದ್ದಾನೆ. ನಾವು ಅವನ್ನು ಗುರುತಿಸುವುದಿಲ್ಲ, ಅಷ್ಟೇ. ಕೆಲವನ್ನಂತೂ ನಮ್ಮವರು ಊರಿನಲ್ಲೇ ನೋಡಿದ್ದರೂ ಅಲ್ಲಿ ಗುರುತು ಹಿಡಿಯುವುದಿಲ್ಲ. ಅರಬರು ಗಾಫ್ ಎನ್ನುವ ಮರ ನಮ್ಮ ಬಯಲು ಸೀಮೆಯ ಬನ್ನಿ ಮರವೇ ಹೌದು. ವಿಜಯದಶಮಿಯಂದು ನೆರೆಮನೆಯ ಹಿಂದೂ ಬಂಧುಗಳು ನಮ್ಮ ಕೈಗಿಡುವ ಎಲೆ ಈ ಮರದ್ದು. ರಾಜಸ್ಥಾನದವರು ಇದನ್ನೇ ಖೇಜ್ರಿ ಎನ್ನುತ್ತಾರೆ. ಸಂಯುಕ್ತ ಅರಬ್ ಅಮೀರತ್‌ನಲ್ಲಿ ಇದು ರಾಷ್ಟ್ರೀಯ ಮರ. 2019ನ್ನು ಅಲ್ಲಿ ಸಹಿಷ್ಣುತೆಯ ವರ್ಷವೆಂದು ಆಚರಿಸಿದಾಗ ಇದನ್ನೇ ಲಾಂಛನವಾಗಿ ಆರಿಸಿದ್ದರು. ಬಹ್ರೈನಿನ ಮರಳುಗಾಡಿನ ನಡುವೆ ಸುತ್ತಮುತ್ತ ನೀರಿನ ಸುಳಿವಿಲ್ಲದ ಕಡೆ ಸುಮಾರು 400 ವರ್ಷಗಳಿಂದ ನಿಂತಿರುವ, ಜೀವವೃಕ್ಷವೆಂದು ಹೆಸರಾದ ಮರವೂ ಇದೇ ಜಾತಿಯದು. ಅದರ ಗುಟ್ಟು ಬೇರಿನಲ್ಲಿದೆ. ಗಾಫ್‌ನ ತಾಯಿಬೇರು ಕೆಲವೊಮ್ಮೆ 30 ಮೀಟರ್ ಆಳದವರೆಗೂ ಇಳಿದು ನೀರು ಹುಡುಕಿಕೊಳ್ಳುತ್ತದೆ. ಕಡು ಬೇಸಗೆಯಲ್ಲೂ ಹಸಿರಾಗಿರುತ್ತದೆ, ನೆರಳು ಕೊಡುತ್ತದೆ, ಒಂಟೆ ಆಡುಗಳಿಗೆ ಮೇವಾಗುತ್ತದೆ, ನೆಲಕ್ಕೆ ಸಾರಜನಕ ಸೇರಿಸುತ್ತದೆ.

ಸಿದ್ರ್ ಮರವೂ ಅಂತಹದೇ. ನಮ್ಮ ಬೋರೆ ಹಣ್ಣಿನ ಸಮೀಪದ ಬಂಧು. ಪವಿತ್ರ ಕುರ್‌ಆನ್‌ನಲ್ಲಿ ಹೆಸರಿಸಲ್ಪಟ್ಟ ಮರ. ಪ್ರವಾದಿವರ್ಯರ(ಸ) ಪುತ್ರಿ ತೀರಿಕೊಂಡಾಗ ಸಿದ್ರ್ ಎಲೆ ಬೆರೆಸಿದ ನೀರಿನಿಂದ ಸ್ನಾನ ಮಾಡಿಸಲು ಅವರು ಸ್ತ್ರೀಯರಿಗೆ ಆದೇಶಿಸಿದ್ದರು. ಅದರ ಹೂವಿನ ಜೇನಿನ ಬೆಲೆಯನ್ನು ಯೆಮನಿನ ಜೇನು ಕೊಂಡವರನ್ನು ಕೇಳಬೇಕು! ಸಿದ್ರ್ ಮರವನ್ನು ಕಡಿಯುವವನ ಬಗ್ಗೆ ಕಠಿಣ ಎಚ್ಚರಿಕೆಯಿರುವ ಒಂದು ಹದೀಸನ್ನು ಇಮಾಮ್ ಅಬೂದಾವೂದರು ದಾಖಲಿಸಿ, ದಾರಿಹೋಕರಿಗೂ ಪ್ರಾಣಿಗಳಿಗೂ ನೆರಳಾಗಿರುವ ಮರುಭೂಮಿಯ ಮರವನ್ನು ಅನ್ಯಾಯವಾಗಿ, ಯಾವ ಹಕ್ಕೂ ಇಲ್ಲದೆ ಕಡಿಯುವುದಕ್ಕೆ ಅದು ಅನ್ವಯಿಸುತ್ತದೆಂದು ವಿವರಿಸಿದ್ದಾರೆ. ಮರವೊಂದರ ಬೆಲೆಯನ್ನು ಅದರ ನೆರಳಿಗೆ ಬರುವವರ ಲೆಕ್ಕದಲ್ಲಿ ಅಳೆದ ಈ ವಿವರಣೆ ಇಂದಿಗೂ ಉಪಯುಕ್ತವಾಗಿದೆ. ಕೊಡೆಯಂತೆ ಹರಡುವ ಸಮುರ್ ಎಂಬ ಜಾಲಿ, ಮಿಸ್ವಾಕ್ ಕೊಡುವ ಅರಾಕ್, ಮರಳದಿಬ್ಬವನ್ನು ಹಿಡಿದು ನಿಲ್ಲಿಸುವ ಅರ್ತಾ ಪೊದೆ ಇವೆಲ್ಲ ಅಂಗಳಕ್ಕೆ ಒಗ್ಗುತ್ತವೆ. ರಸ್ತೆ ಬದಿಯಲ್ಲಿ ತಾನಾಗಿ ಬೆಳೆಯುವ ಉಶರ್ ನಮ್ಮ ಎಕ್ಕದ ಗಿಡದ ಜಾತಿಯದು. ಅದರ ಹಾಲು ವಿಷ, ಚಿಕ್ಕ ಮಕ್ಕಳಿರುವ ಮನೆಗೆ ಬೇಡ.

ಬರ ತಡೆದುಕೊಳ್ಳುತ್ತದೆ ಎಂಬ ಒಂದೇ ಗುಣ ನೋಡಿ ಗಿಡ ಆರಿಸುವುದೂ ಅಪಾಯ. ಗಾಫ್‌ನ ಕುಟುಂಬಕ್ಕೇ ಸೇರಿದ ಇನ್ನೊಂದು ಮರವಿದೆ. ಅಮೆರಿಕಾ ಖಂಡದಿಂದ ಬಂದದ್ದು. ನಮ್ಮ ರಾಯಚೂರು, ಬಳ್ಳಾರಿಯವರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಬಳ್ಳಾರಿ ಜಾಲಿಯೆಂದೇ ಅದಕ್ಕೆ ಕನ್ನಡದಲ್ಲಿ ಹೆಸರು. ನೀರಿಲ್ಲದಿದ್ದರೂ ಬೇಗ ಬೆಳೆಯುತ್ತದೆಂದು ಕೊಲ್ಲಿಯಲ್ಲೂ ಅದನ್ನು ತಂದು ನೆಟ್ಟರು. ಅದು ಹೊಲ, ಕಣಿವೆ, ಹಳ್ಳಗಳನ್ನೆಲ್ಲ ಆಕ್ರಮಿಸಿ, ತನ್ನ ಕೆಳಗೆ ಬೇರೆ ಗಿಡ ಏಳದಂತೆ ಮಾಡಿತು. ಈಗ ಒಮಾನ್ ಮತ್ತು ಅಮೀರತ್‌ಗಳಲ್ಲಿ ಅದನ್ನು ಕಿತ್ತು ತೆಗೆಯಲು ಹಣ ಖರ್ಚು ಮಾಡಲಾಗುತ್ತಿದೆ. ಬನ್ನಿ ಮತ್ತು ಬಳ್ಳಾರಿ ಜಾಲಿ, ಎರಡೂ ಬರ ಸಹಿಸುತ್ತವೆ. ಒಂದು ತನ್ನ ನೆರಳಿನಲ್ಲಿ ಹುಲ್ಲು ಬೆಳೆಯಗೊಡುತ್ತದೆ, ಇನ್ನೊಂದು ಬಿಡುವುದಿಲ್ಲ. ಮನುಷ್ಯರಲ್ಲೂ ಇಂತಹ ಎರಡು ಬಗೆಯ ಗಟ್ಟಿಗರನ್ನು ನಾವು ಕಾಣುತ್ತೇವೆ. ದಮಸ್ ಎಂದು ಅಲ್ಲಿ ಕರೆಯುವ ಕೊನೊಕಾರ್ಪಸ್ ಕೂಡ ಹೀಗೆಯೇ ಒಂದು ಕಾಲದಲ್ಲಿ ಎಲ್ಲರ ಗೋಡೆಗುಂಟ ಬೆಳೆಯಿತು; ಅದರ ಬೇರು ಕೊಳವೆಗಳನ್ನು ಹಾಳುಗೆಡವುತ್ತದೆಂಬ ದೂರಿನಿಂದ ಹಲವೆಡೆ ಈಗ ನೆಡಲು ಬಿಡುವುದಿಲ್ಲ.

ಇದರರ್ಥ ಪರಸ್ಥಳದ ಗಿಡವೆಲ್ಲ ನಿಷಿದ್ಧ, ಆ ನೆಲದ್ದೆಲ್ಲ ಪವಿತ್ರ ಎಂದಲ್ಲ. ಖರ್ಜೂರ ಅರಬರ ಮನೆಮಗನೇ, ಆದರೂ ಬಾಯಾರಿಕೆಯ ಮರ. ಬಿಸಿಲನ್ನೂ ಉಪ್ಪನ್ನೂ ಸಹಿಸುತ್ತದೆ, ಬುಡಕ್ಕೆ ಮಾತ್ರ ನೀರು ಬೇಕು. ಬೇಸಗೆಯ ದಿನಕ್ಕೆ ನೂರು ಲೀಟರಿಗೂ ಮೀರಿ. ಆದರೆ ಅದು ಫಲ ಕೊಡುತ್ತದೆ, ಅದರ ನೆರಳಿನಲ್ಲಿ ನಿಂಬೆ, ತರಕಾರಿ ಬೆಳೆಯುತ್ತಾರೆ. ಒಮಾನಿನ ಹಳ್ಳಿಗಳಲ್ಲಿ ಫಲಜ್ ಎಂಬ ಕಾಲುವೆಯ ನೀರನ್ನು ಇಂತಹ ತೋಟಗಳಿಗೆ ಗಳಿಗೆ ಲೆಕ್ಕದಲ್ಲಿ ಸರದಿಯಂತೆ ಹಂಚಿಕೊಳ್ಳುತ್ತಿದ್ದರು. ಹಗಲು ನೆರಳನ್ನು, ರಾತ್ರಿ ನಕ್ಷತ್ರಗಳನ್ನು ನೋಡಿ ಸಮಯ ಅಳೆಯುತ್ತಿದ್ದರು. ಅಡುಗೆಗೆ ಬೇಕಾದ ಒಂದು ಕುಂಡ ಕರಿಬೇವು, ಒಂದು ಕುಂಡ ಪುದೀನವನ್ನು ಅಕ್ಕಿ ತೊಳೆದ ನೀರಿನಲ್ಲಿ ಸಾಕಿಕೊಳ್ಳುವ ತಾಯಂದಿರ ಮೇಲೆ ದುಂದುಗಾರಿಕೆಯ ಆರೋಪ ಹೊರಿಸುವುದು ಅತಿರೇಕವಾದೀತು. ಅಗತ್ಯ, ಅನುಕೂಲ, ಅಲಂಕಾರ ಎಂದು ನಮ್ಮ ವಿದ್ವಾಂಸರು ಮಾಡಿದ ವಿಂಗಡಣೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಅಲಂಕಾರಕ್ಕೂ ಅದರಲ್ಲಿ ಸ್ಥಾನವಿದೆ. ಆದರೆ ಅದು ಕೊನೆಯ ಸ್ಥಾನ, ಮತ್ತು ಅದರ ಖರ್ಚನ್ನು ಮೊದಲಿನ ಎರಡರಿಂದ ಕೀಳಬಾರದು.

ಈ ಚರ್ಚೆಯಲ್ಲಿ ಯಾರೂ ಎತ್ತದ ಇನ್ನೊಂದು ವಿಷಯವಿದೆ. ಆ ಹುಲ್ಲನ್ನು ಕತ್ತರಿಸುವವನು ಯಾರು? ಹೆಚ್ಚಾಗಿ ನಮ್ಮ ಉಪಖಂಡದ ಬಡವ. ಅಮೀರತ್‌ನಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ನೇರ ಬಿಸಿಲಿನಲ್ಲಿ ಹೊರಾಂಗಣದ ಕೆಲಸ ಮಾಡಿಸಬಾರದೆಂಬ ನಿಯಮವಿದೆ. ಉಳಿದ ಹೊತ್ತೂ ತಂಪೇನಲ್ಲ. ವಾರಕ್ಕೊಮ್ಮೆ ಕತ್ತರಿಸಬೇಕಾದ ಹುಲ್ಲು, ದಿನಾ ನೀರು ಬೇಡುವ ಹೂಗಿಡ ಅವನನ್ನು ಬೇಸಗೆಯುದ್ದಕ್ಕೂ ಆ ಬಿಸಿಲಿಗೆ ಎಳೆಯುತ್ತದೆ. ಸಿದ್ರ್ ಮರ ಅವನನ್ನು ಹಾಗೆ ಕರೆಯುವುದಿಲ್ಲ. ಬದಲಿಗೆ ಅವನು ಸೈಕಲ್ ನಿಲ್ಲಿಸಿ ಬುತ್ತಿ ಬಿಚ್ಚುವುದಕ್ಕೆ ನೆರಳಾಗುತ್ತದೆ. ಗೋಡೆಯ ಹೊರಮಗ್ಗುಲಿಗೆ ಅನುಮತಿ ಸಿಕ್ಕಿದರೆ ಅಲ್ಲೇ ಒಂದು ನೆಡಬಹುದು.

ನೆಲದ ಗಿಡಗಂಟಿಗಳನ್ನು ಹೆಸರು ಹಿಡಿದು ಬಲ್ಲ ಸಮಾಜದಲ್ಲಿ ನಮ್ಮ ಧರ್ಮ ಬೆಳೆದು ಬಂತು. ಮಕ್ಕಾ ವಿಜಯದ ದಿನ ಆ ಪವಿತ್ರ ಭೂಮಿಯ ಮರಗಿಡಗಳನ್ನು ಕಡಿಯಬಾರದೆಂದು ಪ್ರವಾದಿವರ್ಯರು(ಸ) ಘೋಷಿಸಿದಾಗ ಹ. ಅಬ್ಬಾಸ್‌ರು(ರ), ಇದ್‌ಖಿರ್ ಹುಲ್ಲಿಗೆ ವಿನಾಯಿತಿ ಬೇಕೆಂದು ಕೇಳಿಕೊಂಡರು. ಅಕ್ಕಸಾಲಿಗರಿಗೆ, ಮನೆಗಳಿಗೆ, ಗೋರಿಗಳಿಗೆ ಅದು ಬೇಕಾಗಿತ್ತು. ವಿನಾಯಿತಿ ಸಿಕ್ಕಿತು. ನಮ್ಮ ಮಜ್ಜಿಗೆ ಹುಲ್ಲಿನ ಜಾತಿಯ ಆ ಬಡ ಹುಲ್ಲಿನ ಹೆಸರು ಹೀಗೆ ಹದೀಸ್ ಗ್ರಂಥಗಳಲ್ಲಿ ಉಳಿಯಿತು. ಖಲೀಫ ಉಮರ್‌ರು(ರ) ರಬದಾ ಎಂಬಲ್ಲಿ ಮೇವಿನ ನೆಲವನ್ನು ಹಿಮಾ ಆಗಿ ಕಾಯ್ದಿರಿಸಿದಾಗ ಅದರ ಕಾವಲುಗಾರನಿಗೆ ಕೊಟ್ಟ ಸೂಚನೆ ಇನ್ನೂ ಮನನೀಯ. ನಾಲ್ಕು ಒಂಟೆ, ನಾಲ್ಕು ಕುರಿ ಇರುವ ಬಡವನನ್ನು ಒಳಗೆ ಬಿಡು, ಸಿರಿವಂತರಾದ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಮತ್ತು ಉಸ್ಮಾನ್‌ರ(ರ) ಹಿಂಡುಗಳನ್ನು ಬಿಡಬೇಡ ಎಂಬುದು ಅದರ ತಾತ್ಪರ್ಯ. ಅವರ ಜಾನುವಾರು ಸತ್ತರೆ ಅವರಿಗೆ ಖರ್ಜೂರದ ತೋಟವಿದೆ, ಹೊಲವಿದೆ. ಬಡವನದು ಸತ್ತರೆ ಅವನು ಮಕ್ಕಳನ್ನು ಕರೆದುಕೊಂಡು ತನ್ನ ಬಾಗಿಲಿಗೆ ಬಂದು ನಿಲ್ಲುತ್ತಾನೆ ಎಂದು ಅವರು ಕಾರಣ ಹೇಳಿದರು. ಅವರಿಬ್ಬರೂ ಸ್ವರ್ಗದ ಸುವಾರ್ತೆ ಪಡೆದ ಸಹಾಬಿಗಳು. ಅವರ ಸ್ಥಾನಮಾನ ಖಲೀಫರಿಗೆ ತಿಳಿಯದ್ದಲ್ಲ. ಆದರೆ ಒಣ ನೆಲದ ಹುಲ್ಲಿನ ಪ್ರಶ್ನೆ ಬಂದಾಗ ಯಾರಿಗೆ ಬೇರೆ ದಾರಿಯಿಲ್ಲವೋ ಅವರ ಹಕ್ಕು ಮೊದಲು ಎಂದು ತೀರ್ಮಾನಿಸಿದರು.

ನೆಡುವವರಿಗೆ ಕೆಲವು ವಿಷಯಗಳನ್ನು ತಿಳಿಸಬೇಕು. ಸಸಿ ಇಡುವುದು ಅಕ್ಟೋಬರಿನಿಂದ ಫೆಬ್ರವರಿಯೊಳಗೆ ಆಗಬೇಕು. ಆ ನೆಲದ ಗಿಡವಾದರೂ ಮೊದಲ ಎರಡು ಮೂರು ವರ್ಷ ನೀರು ಬೇಕು. ದಿನಾ ಒಂದೊಂದು ಚೊಂಬು ಹಾಕಿದರೆ ಬೇರು ಮೇಲೆಯೇ ಹರಡಿಕೊಳ್ಳುತ್ತದೆ, ದೊಡ್ಡದಾದ ಮೇಲೆ ಗಾಳಿಗೆ ಬೀಳುತ್ತದೆ. ಅತಿ ಮುದ್ದಿನಿಂದ ಸಾಕಿದ ಮಗನ ಹಾಗೆ! ಅಪರೂಪಕ್ಕೆ, ಆದರೆ ಆಳಕ್ಕೆ ಇಳಿಯುವಂತೆ ಕೊಟ್ಟು, ಕ್ರಮೇಣ ದಿನಗಳ ಅಂತರ ಹೆಚ್ಚಿಸುತ್ತಾ ಹೋಗಬೇಕು. ಬುಡಕ್ಕೆ ಜಲ್ಲಿ ಹರವಿದರೆ ತೇವ ನಿಲ್ಲುತ್ತದೆ. ಗಾಫ್ ಮರವನ್ನು ನೀರಿನ ತೊಟ್ಟಿ, ಕೊಳವೆಗಳಿಂದ ದೂರವಿಡಬೇಕು.

ವುಝೂ ಮಾಡಿ ಹರಿದುಹೋದ ನೀರನ್ನು ಗಿಡಕ್ಕೆ ತಿರುಗಿಸಬಹುದೇ ಎಂದು ಕೆಲವರು ಹಿಂಜರಿಯುತ್ತಾರೆ. ನಮ್ಮ ಕರಾವಳಿಯಲ್ಲಿ ಹೆಚ್ಚಾಗಿ ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ಒಮ್ಮೆ ಬಳಸಿದ ಅಂತಹ ನೀರಿನಿಂದ ಮತ್ತೆ ವುಝೂ ಆಗದು, ಆದರೆ ಆ ನೀರು ಶುದ್ಧವೇ. ಗಿಡಕ್ಕೆ ಹಾಕಲು ಸಂಕೋಚ ಬೇಡ. ಕೊಳಚೆ ನೀರನ್ನು ಪೂರ್ಣವಾಗಿ ಶುದ್ಧೀಕರಿಸಿ, ಬಣ್ಣ, ರುಚಿ, ವಾಸನೆ ಮೊದಲಿನಂತಾದರೆ ಅದನ್ನು ಬಳಸಬಹುದೆಂದು ಸೌದಿ ಅರೇಬಿಯದ ಹಿರಿಯ ವಿದ್ವಾಂಸರ ಮಂಡಳಿ 1978ರಲ್ಲೇ ತೀರ್ಪು ನೀಡಿದೆ. ಕೊಲ್ಲಿಯ ನಗರಗಳ ರಸ್ತೆ ಬದಿಯ ಮರಗಳು ಇಂದು ಬಹುಮಟ್ಟಿಗೆ ಶುದ್ಧೀಕರಿಸಿದ ಇಂತಹ ನೀರಿನಿಂದಲೇ ಬದುಕಿವೆ.

ಬಾಡಿಗೆದಾರನಿಗೆ ಕೊನೆಯದಾಗಿ ಒಂದು ಕಷ್ಟವಿದೆ. ಗಾಫ್ ನಿಧಾನವಾಗಿ ಬೆಳೆಯುವ ಮರ. ವೀಸಾದ ಅವಧಿ ಅಷ್ಟು ಉದ್ದವಲ್ಲ. ತನ್ನ ನೆರಳಿಗಾಗದ ಮರವನ್ನು, ತನ್ನದಲ್ಲದ ಮಣ್ಣಿನಲ್ಲಿ, ಹೆಸರು ಗೊತ್ತಿಲ್ಲದ ಮುಂದಿನ ಬಾಡಿಗೆದಾರನಿಗೋಸ್ಕರ ಯಾರು ನೆಡುತ್ತಾರೆ? ಅಂತ್ಯ ದಿನವೇ ಬಂದೆರಗಿದರೂ ಕೈಯಲ್ಲಿರುವ ಸಸಿಯನ್ನು ಸಾಧ್ಯವಾದರೆ ನೆಟ್ಟುಬಿಡಬೇಕೆಂದು ಕಲಿಸಿದವರ ಅನುಯಾಯಿಗೆ ಈ ಪ್ರಶ್ನೆ ಅಷ್ಟು ಭಾರವಾಗಲಿಕ್ಕಿಲ್ಲ. ಮನೆ ಬಿಡುವಾಗ ಕರಿಬೇವಿನ ಕುಂಡವನ್ನು ಪಕ್ಕದ ಮನೆಯ ಅಕ್ಕನಿಗೆ ಕೊಟ್ಟು ಬರಬಹುದು. ಗೇಟಿನ ಬಳಿಯ ಗಾಫ್ ಸಸಿಗೆ ಎಷ್ಟು ದಿನಕ್ಕೊಮ್ಮೆ ನೀರು ಕೊಡುತ್ತಿದ್ದೆವು, ಯಾವ ವರ್ಷದಿಂದ ನಿಲ್ಲಿಸಬಹುದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಬೀಗದ ಕೈಯೊಂದಿಗೆ ಇಟ್ಟರೆ, ಬರುವವರು ಅದಕ್ಕೆ ದಿನಾ ನೀರು ಸುರಿದು ಕೆಡಿಸುವುದು ತಪ್ಪುತ್ತದೆ.